ಮೀನಿನ ಸ್ನಾಯು ಹೇಳುವ ವಂಶದ ಕಥೆ

ಒಂದೇ ಬಗೆಯ ಖಾಕಿ ಅಂಗಿ ತೊಟ್ಟ ಇಬ್ಬರು ಎದುರಿಗೆ ಬಂದರೆ ಅವರನ್ನು ಅಣ್ಣತಮ್ಮಂದಿರು ಎಂದು ಯಾರೂ ಭಾವಿಸುವುದಿಲ್ಲ. ಅಂಗಿ ಅವರ ಕೆಲಸವನ್ನು ಹೇಳುತ್ತದೆ, ಮನೆತನವನ್ನಲ್ಲ. ಮನುಷ್ಯರ ವಿಷಯದಲ್ಲಿ ಇಷ್ಟು ಸುಲಭವಾಗಿ ತಿಳಿಯುವ ಈ ಮಾತು ಪ್ರಾಣಿಗಳ ವಿಷಯಕ್ಕೆ ಬಂದಾಗ ವಿಜ್ಞಾನಿಗಳನ್ನೇ ನೂರಾರು ವರ್ಷ ಕಾಡಿದೆ. ಎರಡು ಪ್ರಾಣಿಗಳು ಒಂದೇ ರೀತಿ ಕಂಡರೆ ಅದು ಒಂದೇ ವಂಶದ ಗುರುತೇ, ಅಥವಾ ಒಂದೇ ಬಗೆಯ ಬದುಕಿನ ಗುರುತೇ? ಈ ಪ್ರಶ್ನೆಗೆ ಉತ್ತರ ಹುಡುಕಿದವರು ಮೂಳೆಯನ್ನು ನೋಡಿದರು, ನರವನ್ನು ನೋಡಿದರು, ಸ್ನಾಯುವನ್ನು ನೋಡಿದರು. ಈ ಹುಡುಕಾಟದಲ್ಲಿ ನಮ್ಮ ಮಲೆನಾಡಿನ ಪುಟ್ಟ ಮೀನುಗಳಿಗೂ ಬೆಂಗಳೂರಿನ ಒಂದು ಹಳೆಯ ಕಾಲೇಜಿಗೂ ಪಾಲಿದೆ.

ಕಲ್ಲಿಗೆ ಅಂಟಿದ ಮೀನುಗಳು

ಪಶ್ಚಿಮ ಘಟ್ಟದ ತೊರೆಗಳಲ್ಲಿ ಮಳೆಗಾಲದ ನೀರಿನ ರಭಸ ಎಷ್ಟಿರುತ್ತದೆ ಎಂಬುದು ಮಲೆನಾಡನ್ನು ನೋಡಿದವರಿಗೆಲ್ಲ ಗೊತ್ತು. ಅಂಥ ನೀರಿನಲ್ಲೂ ಕೊಚ್ಚಿಹೋಗದೆ ಬಂಡೆಗೆ ಅಂಟಿಕೊಂಡು ಬದುಕುವ ಮೀನುಗಳಿವೆ. ಬೆರಳುದ್ದದ ದೇಹ, ಚಪ್ಪಟೆಯಾದ ಹೊಟ್ಟೆ, ಬೀಸಣಿಗೆಯಂತೆ ಎರಡೂ ಪಕ್ಕಕ್ಕೆ ಹರಡಿದ ಈಜುರೆಕ್ಕೆ, ತಲೆಯ ಕೆಳಭಾಗದಲ್ಲಿ ಬಾಯಿ. ಇವುಗಳಲ್ಲಿ ಬಾಲಿಟೋರ, ಭವಾನಿಯ ಮತ್ತು ಸೈಲೋರಿಂಕಸ್ ಎಂಬ ಮೂರು ಕುಲಗಳನ್ನು ನೆನಪಿಟ್ಟುಕೊಳ್ಳೋಣ. ದೂರದ ಬೋರ್ನಿಯೋ ದ್ವೀಪದ ತೊರೆಗಳಲ್ಲಿ ಗ್ಯಾಸ್ಟ್ರೋಮೈಜಾನ್ ಎಂಬ ಇನ್ನೊಂದು ಕುಲವಿದೆ. ಅದರ ರೂಪವೂ ಹೆಚ್ಚುಕಡಿಮೆ ಹೀಗೆಯೇ. ಇವೆಲ್ಲ ಒಂದೇ ಮನೆಯ ಮಕ್ಕಳೇ, ಅಥವಾ ಒಂದೇ ಖಾಕಿ ತೊಟ್ಟ ಬೇರೆ ಬೇರೆ ಮನೆಯವರೇ?

ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರು ಡಾ. ಸುಂದರಲಾಲ್ ಹೋರಾ. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯಲ್ಲಿದ್ದ ಹೋರಾ 1930ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ, ರಭಸದ ನೀರಿನಲ್ಲಿ ಬದುಕುವ ಪ್ರಾಣಿಗಳು ಅಂಟಿಕೊಳ್ಳಲು ಬಳಸುವ ಅಂಗಗಳ ಬಗ್ಗೆ ದೀರ್ಘ ಪ್ರಬಂಧ ಬರೆದರು. ನೀರಿನ ಒತ್ತಡವೇ ದೇಹವನ್ನು ಒಂದು ಅಚ್ಚಿಗೆ ತರುತ್ತದೆ ಎಂಬುದು ಅವರ ವಾದದ ತಿರುಳು. 1932ರಲ್ಲಿ ಅವರು ಈ ಮೀನುಗಳ ವರ್ಗೀಕರಣಕ್ಕೇ ಕೈಹಾಕಿ, ಇವು ಒಂದು ವಂಶವಲ್ಲ, ಎರಡು ವಂಶ ಎಂದರು. ಬೋರ್ನಿಯೋದ ಗ್ಯಾಸ್ಟ್ರೋಮೈಜಾನ್ ಬಳಗ ಲೋಚ್ ಮೀನುಗಳಿಂದ ಬಂದದ್ದು, ನಮ್ಮ ಬಾಲಿಟೋರ ಮತ್ತು ಭವಾನಿಯಗಳ ಬಳಗ ಗೆಂಡೆ ಮೀನುಗಳ ಮೂಲದಿಂದ ಬಂದದ್ದು ಎಂಬುದು ಅವರ ತೀರ್ಮಾನ. 1941ರಲ್ಲಿ ಅವರು ಹೆಸರಿಟ್ಟ ಒಂದು ಮೀನಿನಲ್ಲಿ ನಮ್ಮ ಹಳೆಯ ಸಂಸ್ಥಾನದ ಹೆಸರೇ ಸೇರಿದೆ: ಬಾಲಿಟೋರ ಮೈಸೊರೆನ್ಸಿಸ್.

ಇದು ಬರೀ ಹೆಸರಿಡುವ ಕೆಲಸ ಎಂದು ತಿಳಿಯಬೇಡಿ. 1949ರ ಹೊತ್ತಿಗೆ ಹೋರಾ ಈ ಮೀನುಗಳ ನಂಟಸ್ತಿಕೆಯ ಮೇಲೆ ಒಂದು ದೊಡ್ಡ ಸಿದ್ಧಾಂತವನ್ನೇ ಕಟ್ಟಿದ್ದರು. ಮಲಯ ಕಡೆಯ ಜೀವಿಗಳು ಅಸ್ಸಾಮಿನ ಬೆಟ್ಟಗಳಿಂದ ಸಾತ್ಪುರ ಪರ್ವತಶ್ರೇಣಿಯ ಹಾದಿಯಾಗಿ ಪಶ್ಚಿಮ ಘಟ್ಟಕ್ಕೆ ಇಳಿದುಬಂದವು ಎಂಬ ಈ ವಾದಕ್ಕೆ ಸಾತ್ಪುರ ಸಿದ್ಧಾಂತ ಎಂದು ಹೆಸರು. ಘಟ್ಟದ ಮೀನು ಮತ್ತು ಪೂರ್ವದೇಶದ ಮೀನು ನಿಜವಾದ ಬಂಧುಗಳಾಗಿದ್ದರೆ ಮಾತ್ರ ಆ ಹಾದಿಯ ಮಾತಿಗೆ ಅರ್ಥ. ಬಂಧುತ್ವವೇ ಸುಳ್ಳಾದರೆ ನಾವು ಬರೆದ ಭೂಮಿಯ ಚರಿತ್ರೆಯೂ ಅಷ್ಟರ ಮಟ್ಟಿಗೆ ಸುಳ್ಳಾಗುತ್ತದೆ.

ಸೆಂಟ್ರಲ್ ಕಾಲೇಜಿನ ಪಾಲು

ಕುರುಬರಹಳ್ಳಿಯಿಂದ ಸೆಂಟ್ರಲ್ ಕಾಲೇಜು ದೂರವೇನಲ್ಲ. ಮೆಜೆಸ್ಟಿಕ್ ದಾಟಿದರೆ ಸಿಕ್ಕಿತು. ಆಗ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಈ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಹೆಸರು ತಂದವರು ಪ್ರೊ. ಸಿ. ಆರ್. ನಾರಾಯಣರಾವ್. ಕಪ್ಪೆ ಮತ್ತು ಮೀನುಗಳ ಬಗ್ಗೆ ಕೆಲಸ ಮಾಡಿದ ಅವರು 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಆಗಿದ್ದರು.

ಇದೇ ಕಾಲೇಜಿನ ಎಲ್. ಎಸ್. ರಾಮಸ್ವಾಮಿ ಹೋರಾ ಎತ್ತಿದ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಹೊರಗಿನ ರೂಪ ನೀರಿನ ರಭಸಕ್ಕೆ ಬದಲಾಗಬಹುದು, ಆದರೆ ತಲೆಬುರುಡೆಯ ಒಳಗಿನ ಜೋಡಣೆ ಏನು ಹೇಳುತ್ತದೆ ಎಂದು ನೋಡಲು ಹೊರಟರು. 1948ರಲ್ಲಿ ಈ ಕಲ್ಲುಮೀನುಗಳ ತಲೆಬುರುಡೆಯ ಬಗ್ಗೆ ಪ್ರಬಂಧ ಪ್ರಕಟಿಸಿದರು. 1952 ಮತ್ತು 1953ರಲ್ಲಿ ಸೈಲೋರಿಂಕಸ್, ಗ್ಯಾಸ್ಟ್ರೋಮೈಜಾನ್ ಬಳಗ, ಲೋಚ್ ಬಳಗ ಹೀಗೆ ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ ಸರಣಿ ಲೇಖನಗಳನ್ನು ಬರೆದರು. ಪ್ರಪಂಚದಲ್ಲಿ ಈ ಮೀನುಗಳ ವಂಶದ ಬಗ್ಗೆ ಕೆಲಸ ಮಾಡುವವರು ಇಂದಿಗೂ ಆ ಲೇಖನಗಳನ್ನು ತೆರೆದು ನೋಡುತ್ತಾರೆ.

ಮೈಸೂರು ವಿಶ್ವವಿದ್ಯಾನಿಲಯದ ಇನ್ನೊಬ್ಬರು ಬಿ. ಎಸ್. ಭೀಮಾಚಾರ್. ಅವರ ಪ್ರಶ್ನೆ ಬೇರೆ. ಆಹಾರದ ಅಭ್ಯಾಸಕ್ಕೂ ಮಿದುಳಿಗೂ ಏನು ಸಂಬಂಧ? ದಕ್ಷಿಣ ಭಾರತದ ಗೆಂಡೆ ಬಳಗದ ಮೀನುಗಳ ಹಿಮ್ಮಿದುಳನ್ನು ಪರೀಕ್ಷಿಸಿ 1935ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಹತ್ತಿರದ ಸಂಬಂಧಿಗಳಲ್ಲೇ ಊಟದ ರೀತಿ ಬದಲಾದಂತೆ ಮಿದುಳಿನ ಭಾಗಗಳೂ ಹಿಗ್ಗುತ್ತವೆ, ಕುಗ್ಗುತ್ತವೆ. ಅಂದರೆ ದೇಹದ ಒಳಗಿನ ಅಂಗವಾದ ಮಾತ್ರಕ್ಕೆ ಅದು ವಂಶವನ್ನೇ ಹೇಳುತ್ತದೆ ಎನ್ನಲಾಗದು. ಒಳಗೂ ಖಾಕಿ ಇರಬಹುದು! ಭೀಮಾಚಾರ್ ಮುಂದೆ 1945ರಲ್ಲಿ ತೊರೆಯ ಮೀನುಗಳ ಹಂಚಿಕೆಯನ್ನೇ ಆಧಾರವಾಗಿಟ್ಟುಕೊಂಡು ಪಶ್ಚಿಮ ಘಟ್ಟವನ್ನು ಪ್ರಾಣಿಭೂಗೋಳದ ವಿಭಾಗಗಳಾಗಿ ವಿಂಗಡಿಸಿದರು.

ಮೂಳೆಯ ಜೊತೆಗೆ ಸ್ನಾಯು

ಮೂಳೆ ತಾನಾಗಿ ಚಲಿಸುವುದಿಲ್ಲ. ಅದನ್ನು ಎಳೆಯುವುದು ಸ್ನಾಯು. ಸ್ನಾಯುವಿಗೆ ಆಜ್ಞೆ ತರುವುದು ನರ. ಈ ಮೂರನ್ನೂ ಒಟ್ಟಿಗೆ ಓದಿದರೆ ವಂಶದ ಸುಳಿವು ಹೆಚ್ಚು ಖಚಿತವಾಗುತ್ತದೆ ಎಂಬ ತಿಳಿವಳಿಕೆ ಯುರೋಪಿನಲ್ಲಿ ನಿಧಾನವಾಗಿ ಬೆಳೆಯಿತು. ಫ್ರಾನ್ಸಿನ ಕುವಿಯೆ 1828ರಲ್ಲಿ ತನ್ನ ಮಹಾಗ್ರಂಥದ ಮೊದಲ ಸಂಪುಟದಲ್ಲಿ ಪರ್ಚ್ ಎಂಬ ಮೀನಿನ ಅಂಗರಚನೆಯನ್ನು ವಿವರವಾಗಿ ಕೊಟ್ಟ. ಆದರೆ ಕುವಿಯೆ ವಿಕಾಸವನ್ನು ಒಪ್ಪಿದವನಲ್ಲ. 1859ರಲ್ಲಿ ಡಾರ್ವಿನ್ನನ ಗ್ರಂಥ ಬಂದ ಮೇಲೆ ಅದೇ ಅಂಗರಚನೆಗೆ ಹೊಸ ಅರ್ಥ ಬಂತು. ಹೋಲಿಕೆ ಎಂದರೆ ಪೂರ್ವಜರಿಂದ ಬಂದ ಆಸ್ತಿ ಎನ್ನುವಂತಾಯಿತು.

ಜರ್ಮನಿಯಲ್ಲಿ ಬೆಂಜಮಿನ್ ವೆಟ್ಟರ್ 1874 ಮತ್ತು 1878ರಲ್ಲಿ ಮೀನುಗಳ ಕಿವಿರು ಮತ್ತು ದವಡೆಯ ಸ್ನಾಯುಗಳನ್ನು ಹೋಲಿಸಿ ಬರೆದ. ಕೆನ್ನೆಯಲ್ಲಿರುವ ದವಡೆ ಮುಚ್ಚುವ ದೊಡ್ಡ ಸ್ನಾಯುವಿನ ಭಾಗಗಳಿಗೆ ಎ-1, ಎ-2, ಎ-3 ಎಂದು ಗುರುತು ಹಾಕುವ ಪದ್ಧತಿ ಅವನಿಂದ ಬಂತು. ಬ್ರಿಸ್ಟಲ್ಲಿನ ವೈದ್ಯಪ್ರಾಧ್ಯಾಪಕ ಎಫ್. ಎಚ್. ಎಜ್‌ವರ್ತ್ 1935ರಲ್ಲಿ ಕಶೇರುಕಗಳ ತಲೆಯ ಸ್ನಾಯುಗಳ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿದರು. ಭ್ರೂಣದಲ್ಲಿ ಒಂದೊಂದು ಸ್ನಾಯುವೂ ಯಾವ ಮೂಲದಿಂದ ಹುಟ್ಟಿ ಎಲ್ಲಿಗೆ ಸರಿಯುತ್ತದೆ ಎಂಬುದನ್ನು ಅವರು ಬೆನ್ನಟ್ಟಿದ್ದರು.

ನರದ ಸಾಕ್ಷಿ ಹೇಗೆ ಕೆಲಸ ಮಾಡುತ್ತದೆ ನೋಡಿ. ಮೀನಿನ ಕಿವಿರಿನ ಮುಚ್ಚಳದ ಮೇಲೆ ಪಕ್ಕಪಕ್ಕದಲ್ಲೇ ಎರಡು ಸ್ನಾಯುಗಳಿವೆ. ಒಂದು ಮುಚ್ಚಳವನ್ನು ಹೊರಕ್ಕೆ ಅಗಲಿಸುತ್ತದೆ, ಇನ್ನೊಂದು ಮೇಲಕ್ಕೆ ಎತ್ತುತ್ತದೆ. ನೋಡಿದರೆ ಜೋಡಿ ಎನಿಸುತ್ತದೆ. ಆದರೆ ಮೊದಲನೆಯದಕ್ಕೆ ಐದನೆಯ ಕಪಾಲ ನರ, ಎರಡನೆಯದಕ್ಕೆ ಏಳನೆಯ ಕಪಾಲ ನರ. ಅಂದರೆ ಒಂದು ದವಡೆಯ ಮನೆಯಿಂದ ಬಂದದ್ದು, ಇನ್ನೊಂದು ಅದರ ಹಿಂದಿನ ಕಮಾನಿನ ಮನೆಯಿಂದ ಬಂದದ್ದು. ನಮ್ಮಲ್ಲೂ ಇದೇ ವ್ಯವಸ್ಥೆ ಉಳಿದಿದೆ. ಕಣ್ಣಿನ ಪಕ್ಕದ ಕಣತಲೆಯ ಮೇಲೆ ಬೆರಳಿಟ್ಟು ಹಲ್ಲು ಕಚ್ಚಿ. ಉಬ್ಬುವ ಸ್ನಾಯುವಿಗೆ ಐದನೆಯ ನರವೇ ಒಡೆಯ. ನಕ್ಕಾಗ ತುಟಿ ಎಳೆಯುವ ಸ್ನಾಯುವಿಗೆ ಏಳನೆಯ ನರ. ಸ್ನಾಯು ಊರು ಬದಲಾಯಿಸಿದರೂ ತವರಿನ ದಾರವನ್ನು ಸಾಮಾನ್ಯವಾಗಿ ಬಿಟ್ಟುಕೊಡುವುದಿಲ್ಲ.

ಯಾವ ಹೋಲಿಕೆಗೆ ಬೆಲೆ?

ಹೋಲಿಕೆಗಳನ್ನು ಪಟ್ಟಿ ಮಾಡಿದರೆ ಸಾಲದು, ತೂಗಬೇಕು ಎಂದು ಸ್ಪಷ್ಟವಾಗಿ ಹೇಳಿದವರು ಜರ್ಮನಿಯ ಕೀಟಶಾಸ್ತ್ರಜ್ಞ ವಿಲ್ಲಿ ಹೆನಿಗ್. 1950ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ಅವರ ವಿಚಾರ 1966ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಮೇಲೆ ಜಗತ್ತಿಗೆಲ್ಲ ಹರಡಿತು. ತಿರುಳು ಇಷ್ಟೆ. ಎಲ್ಲ ಮೀನುಗಳಿಗೂ ಇರುವ ಗುಣ ಎರಡು ಮೀನುಗಳ ವಿಶೇಷ ಬಂಧುತ್ವವನ್ನು ತೋರಿಸದು. ಬೇರೆ ಯಾರಲ್ಲೂ ಇಲ್ಲದೆ, ಆ ಒಂದು ಬಳಗದ ಪೂರ್ವಜನಲ್ಲಿ ಹೊಸದಾಗಿ ಹುಟ್ಟಿ ಮಕ್ಕಳು ಮೊಮ್ಮಕ್ಕಳಿಗೆ ಹರಿದ ಗುಣವೇ ನಿಜವಾದ ಸಾಕ್ಷಿ. ಊರಿನವರೆಲ್ಲ ಅನ್ನ ಉಣ್ಣುತ್ತಾರೆ, ಅದರಿಂದ ಯಾರ ಮನೆತನವೂ ತಿಳಿಯದು. ಒಂದೇ ಮನೆಯಲ್ಲಿ ಹುಟ್ಟಿದ ಒಂದು ವಿಶೇಷ ಅಡುಗೆ ನಾಲ್ಕು ಊರುಗಳ ನಾಲ್ಕು ಮನೆಗಳಲ್ಲಿ ಕಂಡರೆ ಆಗ ನಂಟು ಹುಡುಕಬಹುದು.

ಈ ಅಳತೆಗೋಲು ಸಿಕ್ಕ ಮೇಲೆ ಸ್ನಾಯುಗಳಿಗೆ ಹೊಸ ಬೆಲೆ ಬಂತು. 1973ರಲ್ಲಿ ಅಮೆರಿಕದ ಡಾನ್ ರೋಸೆನ್, ಬೆನ್ನುಮೂಳೆಯಿಂದ ಹೊರಟು ಗಂಟಲ ಮೇಲ್ಭಾಗದ ಹಲ್ಲುಳ್ಳ ಮೂಳೆಗಳಿಗೆ ಅಂಟುವ ಒಂದು ಸ್ನಾಯುವಿನ ಕಡೆ ಗಮನ ಸೆಳೆದರು. ಬಾಯಿಗೆ ಬಂದ ತುತ್ತನ್ನು ಹಿಂದಕ್ಕೆ ಎಳೆಯುವ ಈ ಸ್ನಾಯುವನ್ನು ಅವರು ಒಂದು ಮಹಾಬಳಗದ ಗುರುತಾಗಿ ಎಣಿಸಿದರು. ಇಂದಿನ ಮೀನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಭೇದಗಳು ಈ ಬಳಗಕ್ಕೆ ಸೇರುತ್ತವೆ.

ನಮ್ಮ ಕರಾವಳಿಯ ಎರಡು ಮೀನುಗಳನ್ನೇ ತೆಗೆದುಕೊಳ್ಳಿ. ಬಂಗುಡೆ ಮತ್ತು ಬೂತಾಯಿ ಎರಡೂ ಬೆಳ್ಳಿಬಣ್ಣದವು, ಎರಡೂ ಹಿಂಡುಹಿಂಡಾಗಿ ಈಜುತ್ತವೆ, ಒಂದೇ ಬುಟ್ಟಿಯಲ್ಲಿ ಮಾರಾಟವಾಗುತ್ತವೆ. ಆದರೆ ಬಂಗುಡೆ ಈ ಮಹಾಬಳಗದ್ದು, ಬೂತಾಯಿ ಅದರ ಹೊರಗಿನದು. ಇಂದಿನ ತಿಳಿವಳಿಕೆಯಂತೆ ಸಮುದ್ರದ ಬೂತಾಯಿಗೆ ಬಂಗುಡೆಗಿಂತ ಕೆರೆಯ ರೋಹು ಹತ್ತಿರದ ಬಂಧು!

1974ರಲ್ಲಿ ರಿಚರ್ಡ್ ವಿಂಟರ್‌ಬಾಟಮ್ ಎರಡು ಕೆಲಸ ಮಾಡಿದರು. ಒಂದೇ ಸ್ನಾಯುವಿಗೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟು ಗೊಂದಲವಾಗಿತ್ತು. ಆ ಹೆಸರುಗಳನ್ನೆಲ್ಲ ಹೊಂದಿಸಿ ಒಂದು ಕೋಶದಂಥ ಪ್ರಬಂಧ ಬರೆದರು. ಇನ್ನೊಂದು, ಒಂದು ಇಡೀ ಗಣದ ವಂಶವೃಕ್ಷವನ್ನು ಸ್ನಾಯುಗಳ ಆಧಾರದ ಮೇಲೆ ಬರೆದು ತೋರಿಸಿದರು. ಮಲ್ಪೆ, ಮಂಗಳೂರುಗಳಲ್ಲಿ ಕಾರ್ಗಿಲ್ ಮೀನು ಎಂದು ಕರೆಯುವ ಟ್ರಿಗರ್ ಮೀನು, ಚೆಂಡಿನಂತೆ ಊದಿಕೊಳ್ಳುವ ಪಫರ್ ಮೀನು, ಪೆಟ್ಟಿಗೆಯಂಥ ಕವಚದ ಬಾಕ್ಸ್ ಮೀನು, ಬಾಲವೇ ಇಲ್ಲದಂತೆ ಕಾಣುವ ದೈತ್ಯ ಮೋಲಾ ಇವೆಲ್ಲ ಈ ಗಣದವು. ಹೊರರೂಪದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದಂತಿರುವ ಇವುಗಳ ದವಡೆ ಮತ್ತು ಈಜುರೆಕ್ಕೆಯ ಸ್ನಾಯುಗಳು ಹೇಗೆ ಒಡೆದು, ಕೂಡಿ, ಮರೆಯಾಗುತ್ತ ಬಂದಿವೆ ಎಂಬುದನ್ನು ಅವರು ಒಂದೊಂದಾಗಿ ಬಿಡಿಸಿ ತೋರಿಸಿದರು.

ಸಾಕ್ಷಿ ದಾರಿ ತಪ್ಪಿಸಿದಾಗ

ಹಾಗಾದರೆ ಸ್ನಾಯು ಸುಳ್ಳು ಹೇಳುವುದೇ ಇಲ್ಲವೇ? ಹೇಳುತ್ತದೆ. ನಮ್ಮ ಕೆರೆಗಳಲ್ಲಿ ತುಂಬಿರುವ ತಿಲಾಪಿಯ, ಅಂದರೆ ಜಿಲೇಬಿ ಮೀನು, ಸಿಕ್ಲಿಡ್ ಎಂಬ ಕುಟುಂಬದ್ದು. ಆಫ್ರಿಕದ ಈ ಮೀನನ್ನು 1952ರಲ್ಲಿ ಭಾರತಕ್ಕೆ ತರಲಾಯಿತು. ಇದರ ಗಂಟಲಲ್ಲಿ ಎರಡನೆಯ ಜೊತೆ ದವಡೆಯಿದೆ. ತಲೆಬುರುಡೆಯಿಂದ ಇಳಿದುಬಂದ ಸ್ನಾಯು ಗಂಟಲಿನ ಕೆಳದವಡೆಯನ್ನು ತೊಟ್ಟಿಲಿನ ಹಗ್ಗದಂತೆ ನೇರವಾಗಿ ಹಿಡಿದು ತೂಗುಹಾಕುತ್ತದೆ. ಮುಂದಿನ ಬಾಯಿ ಹಿಡಿಯುವ ಕೆಲಸ ಮಾಡಿದರೆ ಹಿಂದಿನ ಬಾಯಿ ಅರೆಯುವ ಕೆಲಸ ಮಾಡುತ್ತದೆ. ಕಾರೆಲ್ ಲೀಮ್ 1973ರಲ್ಲಿ ಈ ತೊಟ್ಟಿಲ ವ್ಯವಸ್ಥೆಯೇ ಸಿಕ್ಲಿಡ್‌ಗಳ ಯಶಸ್ಸಿನ ಗುಟ್ಟು ಎಂದು ವಾದಿಸಿದರು. ಇದೇ ವ್ಯವಸ್ಥೆ ಸಮುದ್ರದ ರಾಸ್ ಮೀನು, ಹವಳದ ದಿಬ್ಬಗಳ ಡ್ಯಾಮ್ಸೆಲ್ ಮೀನು ಮತ್ತು ಸರ್ಫ್‌ಪರ್ಚ್‌ಗಳಲ್ಲೂ ಇದೆ. ಇಷ್ಟು ತೊಡಕಿನ ಯಂತ್ರ ಎರಡು ಬಾರಿ ಹುಟ್ಟುವುದುಂಟೇ ಎಂದುಕೊಂಡು 1982ರಲ್ಲಿ ಕಾಫ್‌ಮನ್ ಮತ್ತು ಲೀಮ್ ಇವನ್ನೆಲ್ಲ ಒಂದೇ ಬಳಗಕ್ಕೆ ಸೇರಿಸಿದರು.

ಆದರೆ ಜೀನುಗಳ ಸಾಕ್ಷಿ ಬೇರೆಯೇ ಮಾತು ಹೇಳಿತು. ರಾಸ್ ಮೀನುಗಳು ಸಿಕ್ಲಿಡ್‌ಗಳಿಂದ ಬಹಳ ದೂರದವು. 2012ರಲ್ಲಿ ಪೀಟರ್ ವೇನ್‌ರೈಟ್ ಮತ್ತು ಸಂಗಡಿಗರು ಈ ತೊಟ್ಟಿಲ ವ್ಯವಸ್ಥೆ ಒಂದಲ್ಲ, ಹಲವು ಬಾರಿ ಸ್ವತಂತ್ರವಾಗಿ ಹುಟ್ಟಿದೆ ಎಂದು ತೋರಿಸಿದರು. ಗಟ್ಟಿ ಆಹಾರವನ್ನು ಅರೆಯುವ ಒಂದೇ ಕೆಲಸ ಬೇರೆಬೇರೆ ಮನೆಗಳಲ್ಲಿ ಒಂದೇ ಉಪಾಯವನ್ನು ಹುಟ್ಟಿಸಿತ್ತು. ವೆಟ್ಟರ್ ಕೊಟ್ಟ ಎ-1, ಎ-2 ಎಂಬ ಗುರುತುಗಳಿಗೂ ಇಂಥದೇ ಗತಿ ಒದಗಿತು. ಒಂದು ಮೀನಿನ ಎ-1 ಇನ್ನೊಂದು ಮೀನಿನ ಎ-1 ಆಗಿರಲೇಬೇಕೆಂದಿಲ್ಲ ಎಂದು 2013ರಲ್ಲಿ ದತೋವೊ ಮತ್ತು ವಾರಿ ತೋರಿಸಿ, ಹೆಸರುಗಳನ್ನು ಹೊಸದಾಗಿ ಕಟ್ಟಿದರು.

ಇದರಿಂದ ಸ್ನಾಯುವಿನ ಸಾಕ್ಷಿ ಕೆಲಸಕ್ಕೆ ಬಾರದು ಎಂದಾಯಿತೇ? ಇಲ್ಲ. ನ್ಯಾಯಾಲಯದಲ್ಲಿ ಒಬ್ಬನೇ ಸಾಕ್ಷಿಯ ಮಾತನ್ನು ಇನ್ನೊಬ್ಬನ ಮಾತಿನೊಡನೆ ಹೋಲಿಸುವಂತೆ ಇಲ್ಲೂ ಮೂಳೆ, ಸ್ನಾಯು, ನರ, ಜೀನು ಎಲ್ಲವನ್ನೂ ಕೇಳಬೇಕು. ಇನ್ನೂ ಒಂದು ಮಾತಿದೆ. ಯಾರು ಯಾರಿಗೆ ಬಂಧು ಎಂದು ಜೀನು ಹೇಳಬಲ್ಲದು. ಆದರೆ ಒಂದು ಅಂಗ ಹೇಗೆ ಬದಲಾಯಿತು, ಏಕೆ ಬದಲಾಯಿತು ಎಂದು ತಿಳಿಯಬೇಕಾದರೆ ಅಂಗವನ್ನೇ ನೋಡಬೇಕು.

ಮಲೆನಾಡಿನ ಮೀನಿಗೆ ಸಿಕ್ಕ ಉತ್ತರ

ಈಗ ಹೋರಾ ಕೇಳಿದ ಪ್ರಶ್ನೆಗೆ ಹಿಂತಿರುಗೋಣ. ಗೆಂಡೆ, ಲೋಚ್, ಕಲ್ಲುಮೀನು ಇವೆಲ್ಲಕ್ಕೂ ಮೂತಿಯ ನಡುವೆ ಒಂದು ಸಣ್ಣ ಬಿಡಿ ಮೂಳೆಯಿದೆ. ಮೇಲ್ದವಡೆಯನ್ನು ಮುಂದಕ್ಕೆ ಚಾಚಲು ನೆರವಾಗುವ ಈ ಮೂಳೆ ಬೇರೆ ಮೀನುಗಳಲ್ಲಿ ಇಲ್ಲ. ಆದ್ದರಿಂದ ಇವೆಲ್ಲ ಒಂದು ದೊಡ್ಡ ಮನೆಯವು ಎಂಬುದರಲ್ಲಿ ಸಂಶಯವಿರಲಿಲ್ಲ. ಪ್ರಶ್ನೆ ಇದ್ದದ್ದು ಆ ಮನೆಯೊಳಗಿನ ಕೋಣೆಗಳ ಬಗ್ಗೆ. 1982ರಲ್ಲಿ ಜಪಾನಿನ ಸವಾದ ಕಲ್ಲುಮೀನುಗಳನ್ನು ಲೋಚ್‌ಗಳ ಜೊತೆಗೇ ಇಟ್ಟರು. 2007ರಲ್ಲಿ ಷ್ಲೆಖ್ತೋವಾ, ಬೋಲೆನ್ ಮತ್ತು ಟಾನ್ ಜೀನುಗಳನ್ನು ಹೋಲಿಸಿ ನೋಡಿದಾಗ ಬಾಲಿಟೋರ ಬಳಗವೂ ಗ್ಯಾಸ್ಟ್ರೋಮೈಜಾನ್ ಬಳಗವೂ ಲೋಚ್‌ಗಳೇ ಎಂದು ಕಂಡುಬಂತು, ಆದರೆ ಎರಡೂ ಬೇರೆಬೇರೆ ಕುಟುಂಬಗಳು. ಸೈಲೋರಿಂಕಸ್ ಮಾತ್ರ ಲೋಚ್ ಅಲ್ಲ, ಅದು ಗೆಂಡೆಯ ಕಡೆಯದು. 2011ರಲ್ಲಿ ಕೆವಿನ್ ಕಾನ್ವೇ ಅದರ ಮೂಳೆಗಳನ್ನು ಪರೀಕ್ಷಿಸಿ ಇದೇ ತೀರ್ಮಾನಕ್ಕೆ ಬಂದರು.

ಅಂದರೆ ಹೋರಾ ಅವರ ಮಾತಿನಲ್ಲಿ ಅರ್ಧ ನಿಂತಿತು, ಅರ್ಧ ಬಿತ್ತು. ಎರಡು ಬಳಗಗಳು ಬೇರೆಬೇರೆ ಎಂಬುದು ನಿಂತಿತು. ನಮ್ಮ ಬಾಲಿಟೋರ ಗೆಂಡೆಯಿಂದ ಬಂತು ಎಂಬುದು ಬಿತ್ತು. ಬಂಡೆಗೆ ಅಂಟುವ ರೂಪ ಒಂದಕ್ಕಿಂತ ಹೆಚ್ಚು ಬಾರಿ ಹುಟ್ಟಿದೆ ಎಂಬ ಅವರ ಮೂಲ ಒಳನೋಟಕ್ಕೆ ತುಂಗಾ ನದಿಯೇ ಸಾಕ್ಷಿ. 2008ರಲ್ಲಿ ಆ ನದಿಯಿಂದ ಸೈಲೋರಿಂಕಸ್‌ನ ಒಂದು ಹೊಸ ಪ್ರಭೇದವನ್ನು ವಿವರಿಸಲಾಯಿತು. ಗೆಂಡೆಯ ಕಡೆಯ ಮೀನೂ ಲೋಚ್ ಕಡೆಯ ಮೀನೂ ಅದೇ ಘಟ್ಟದ ತೊರೆಗಳಲ್ಲಿ ಒಂದೇ ಖಾಕಿ ತೊಟ್ಟು ಬದುಕುತ್ತಿವೆ. ಸಾತ್ಪುರ ಹಾದಿಯ ಬಗ್ಗೆ ಮಾತ್ರ ಅನೇಕರು ಸಂಶಯ ಎತ್ತಿದ್ದಾರೆ. ಭೂಖಂಡಗಳು ಚಲಿಸುತ್ತವೆ ಎಂಬುದು ಸ್ಥಿರಪಟ್ಟ ಮೇಲೆ ಜೀವಿಗಳ ಹಂಚಿಕೆಗೆ ಬೇರೆ ವಿವರಣೆಗಳೂ ಬಂದಿವೆ.

ಸ್ನಾಯುವಿನ ಅಧ್ಯಯನ ಇಲ್ಲಿಗೇ ಮುಗಿದಿಲ್ಲ. ಈಗ ಮೀನನ್ನು ಕತ್ತರಿಸದೆ, ಅಯೋಡಿನ್ ದ್ರಾವಣದಲ್ಲಿ ನೆನೆಸಿ ಎಕ್ಸ್-ಕಿರಣದ ಸಿ.ಟಿ. ಯಂತ್ರದಲ್ಲಿಟ್ಟರೆ ಒಂದೊಂದು ಸ್ನಾಯುವೂ ಪರದೆಯ ಮೇಲೆ ಕಾಣುತ್ತದೆ. 2020ರಲ್ಲಿ ಕ್ರಾಫರ್ಡ್ ಮತ್ತು ಸಂಗಡಿಗರು ಬಾಲಿಟೋರ ಕುಟುಂಬದ ಮೀನುಗಳ ಸೊಂಟದ ಮೂಳೆ ಹಾಗೂ ಸ್ನಾಯುಗಳನ್ನು ಪರೀಕ್ಷಿಸಿ ಅವುಗಳಲ್ಲಿ ಮೂರು ಬಗೆಯ ಕಟ್ಟನ್ನು ಗುರುತಿಸಿದರು. ಇದೇ ಕುಟುಂಬದ ಥಾಯ್ಲೆಂಡಿನ ಒಂದು ಗುಹಾಮೀನು ಬಂಡೆಯ ಮೇಲೆ ನಾಲ್ಕು ಕಾಲಿನ ಪ್ರಾಣಿಯಂತೆ ಹೆಜ್ಜೆ ಹಾಕುತ್ತದೆ.

ನೀವೇ ಮಾಡಿ ನೋಡಿ

ಈ ಪಾಠಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಕುರುಬರಹಳ್ಳಿ, ರಾಜಾಜಿನಗರ, ಕೆಂಗೇರಿ ಯಾವ ಕಡೆಯ ವಿದ್ಯಾರ್ಥಿಯಾದರೂ ಮೀನಿನ ಅಂಗಡಿಯಿಂದ ಒಂದು ರೋಹು ಮತ್ತು ಒಂದು ಜಿಲೇಬಿಯ ತಲೆಯನ್ನು ತಂದು ಅಧ್ಯಾಪಕರ ಎದುರು ಬಿಡಿಸಬಹುದು.

ಮೊದಲು ಎರಡರ ಮೇಲ್ದುಟಿಯನ್ನೂ ಮೆಲ್ಲಗೆ ಮುಂದಕ್ಕೆ ಎಳೆಯಿರಿ. ಎರಡೂ ಚಾಚುತ್ತವೆ. ರೋಹುವಿನಲ್ಲಿ ಮೂತಿಯ ನಡುವಿನ ಬಿಡಿ ಮೂಳೆಯನ್ನು ಹುಡುಕಿ. ಜಿಲೇಬಿಯಲ್ಲಿ ಅದಿಲ್ಲ, ಬದಲಿಗೆ ಮೇಲ್ದವಡೆಯಿಂದಲೇ ಹಿಂದಕ್ಕೆ ಬೆಳೆದ ಉದ್ದನೆಯ ಕಡ್ಡಿಯೊಂದು ಮೂತಿಯ ಮೇಲೆ ಜಾರುತ್ತದೆ. ಕೆಲಸ ಒಂದೇ, ಯಂತ್ರ ಬೇರೆ. ಆಮೇಲೆ ಕೆನ್ನೆಯ ಚರ್ಮ ಬಿಡಿಸಿ ದವಡೆ ಮುಚ್ಚುವ ಸ್ನಾಯು ಎಷ್ಟು ಭಾಗವಾಗಿದೆ, ಒಂದೊಂದು ಭಾಗವೂ ಎಲ್ಲಿ ಅಂಟಿದೆ ಎಂದು ಚಿತ್ರ ಬರೆಯಿರಿ. ಕೊನೆಗೆ ಗಂಟಲನ್ನು ನೋಡಿ. ರೋಹುವಿನಲ್ಲಿ ಹಲ್ಲುಳ್ಳ ಎರಡು ಬಾಗಿದ ಮೂಳೆಗಳು, ಜಿಲೇಬಿಯಲ್ಲಿ ಕೂಡಿಕೊಂಡು ಒಂದಾದ ತ್ರಿಕೋನ ಮೂಳೆ. ರೋಸೆನ್ ಹೇಳಿದ, ತುತ್ತನ್ನು ಹಿಂದಕ್ಕೆಳೆಯುವ ಸ್ನಾಯುವನ್ನು ಜಿಲೇಬಿಯಲ್ಲಿ ಹುಡುಕಿ.

ಕಂಡ ಹೋಲಿಕೆಗಳನ್ನು ಎರಡು ಸಾಲಾಗಿ ಬರೆಯಿರಿ: ಕೆಲಸದಿಂದ ಬಂದಿರಬಹುದಾದವು, ವಂಶದಿಂದ ಬಂದಿರಬಹುದಾದವು. ಯಾವುದನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಕೈ ತಡೆದರೆ ಅದು ಒಳ್ಳೆಯ ಲಕ್ಷಣ. ಹೋರಾ ಮತ್ತು ರಾಮಸ್ವಾಮಿಯವರ ಕೆಲಸ ಆರಂಭವಾದದ್ದೂ ಅಂಥ ತಡೆಯಲ್ಲಿಯೇ. ಒಂದು ಹೋಲಿಕೆಯನ್ನು ಕಂಡೊಡನೆ ನಂಬದೆ ಅದರ ಮೂಲವನ್ನು ವಿಚಾರಿಸಿದ್ದರಿಂದಲೇ ಬೆರಳುದ್ದದ ಮೀನೊಂದು ಬೆಟ್ಟ, ನದಿ, ಭೂಖಂಡಗಳ ಚರಿತ್ರೆಗೆ ಸಾಕ್ಷಿಯಾಗಿ ನಿಂತಿತು.